ದೀನತೆ (ಕ್ರೈಸ್ತ): ಬಾಗಲಕೋಟೆ ಸೀಮೆ

ಶಕ್ತಿಯುಳ್ಳವನು ತನ್ನ ಶಕ್ತಿಗೆ ತಾನೇ ಕಡಿವಾಣ ಹಾಕಿ ಅದನ್ನು ಇತರರ ಸೇವೆಗೆ ತೊಡಗಿಸುವುದಕ್ಕೆ ಕ್ರೈಸ್ತ ದೈವಶಾಸ್ತ್ರದಲ್ಲಿರುವ ಹೆಸರು. ಮುಖ್ಯ ಆಧಾರ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯ. ದೇವರಿಗೆ ಸಮನಾದ ಕ್ರಿಸ್ತನು ಆ ಹಿರಿಮೆಯನ್ನು ಬಿಟ್ಟುಕೊಟ್ಟು, ದಾಸನಂತೆ ಬಾಳಿ, ಶಿಲುಬೆಯ ಮರಣದವರೆಗೂ ಇಳಿದನೆಂದು ಅಲ್ಲಿ ಹೇಳಿದೆ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯ ದೊಡ್ಡಸ್ತಿಕೆಯನ್ನು ಸೇವೆಯಿಂದ ಅಳೆಯುತ್ತದೆ. ಯೋಹಾನನ 13ನೆಯ ಅಧ್ಯಾಯದಲ್ಲಿ ಗುರುವೇ ಶಿಷ್ಯರ ಕಾಲು ತೊಳೆಯುತ್ತಾನೆ. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ (ರಚನೆ 1997) ಈ ಬೋಧನೆಯ ಚರಿತ್ರೆ ಬಹುಮಟ್ಟಿಗೆ ಗುಳೇದಗುಡ್ಡದ ಬಾಸೆಲ್ ಮಿಷನ್ನಿನ ಚರಿತ್ರೆ.

ಹಿನ್ನೆಲೆ

ಮಿಷನ್ ಬರುವ ಮುಂಚೆಯೇ ಬಲ ಮತ್ತು ವಿನಯಗಳ ಸಂಬಂಧವನ್ನು ಈ ಸೀಮೆ ಕಲ್ಲಿನಲ್ಲೂ ಮಾತಿನಲ್ಲೂ ಚಿಂತಿಸಿತ್ತು. ಬಾದಾಮಿಯ ಮೂರನೆಯ ಗುಹೆಯ (ಕ್ರಿ.ಶ. 578) ತ್ರಿವಿಕ್ರಮ ಶಿಲ್ಪದಲ್ಲಿ ಕುಳ್ಳ ವಟು ಲೋಕವನ್ನೇ ಅಳೆಯುವಷ್ಟು ಬೆಳೆಯುತ್ತಾನೆ. ಪೌಲನ ಕಥನ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತದೆ. ಆದರೆ ಇಳಿದವನನ್ನು ದೇವರು ಮತ್ತೆ ಏರಿಸಿದನೆಂದೂ ಅಲ್ಲೇ ಇರುವುದರಿಂದ ಎರಡನ್ನೂ ಪೂರ್ತಿ ಎದುರುಬದುರು ನಿಲ್ಲಿಸುವಂತಿಲ್ಲ. ಸುಮಾರು ಕ್ರಿ.ಶ. 700ರದೆನ್ನಲಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಹೊಗಳುವ ವೀರನು ಒಳ್ಳೆಯವರಿಗಷ್ಟೇ ಒಳ್ಳೆಯವನು, ಕೆಣಕಿದವರನ್ನು ಬಿಡುವವನಲ್ಲ. ಶತ್ರುವನ್ನೂ ಪ್ರೀತಿಸಬೇಕೆನ್ನುವ ಯೇಸುವಿನ ಬೆಟ್ಟದ ಬೋಧನೆಗೂ ಇದಕ್ಕೂ ನಿಜವಾದ ಅಂತರವಿದೆ. ಹುನಗುಂದ ಭಾಗದ ಕೂಡಲಸಂಗಮದ ಪರಂಪರೆ ಕ್ರೈಸ್ತ ಬೋಧನೆಗೆ ಇನ್ನೂ ಹತ್ತಿರದ್ದು. ದೊರೆ ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣ ಶರಣರ ಮುಂದೆ ತನ್ನನ್ನು ಎಲ್ಲರಿಗಿಂತ ಕಿರಿಯನೆಂದೇ ಎಣಿಸಿದ. ಆದರೆ ಲಿಂಗಾಯತರ ಅಷ್ಟಾವರಣಗಳಲ್ಲಿ ಒಂದಾದ ಪಾದೋದಕದಲ್ಲಿ ಶಿಷ್ಯನು ಗುರುವಿನ ಪಾದ ತೊಳೆಯುತ್ತಾನೆ. ಯೋಹಾನನಲ್ಲಿ ತೊಳೆಯುವ ಕೈ ಗುರುವಿನದು. ಗುಳೇದಗುಡ್ಡದಂಥ ಲಿಂಗಾಯತ ನೇಕಾರರ ಊರಿನಲ್ಲಿ ಆ ಅಧ್ಯಾಯವನ್ನು ಓದಿ ಹೇಳಿದಾಗ ಕೇಳಿದವರಿಗೆ ಅದು ತಲೆಕೆಳಗಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಗುಳೇದಗುಡ್ಡ

ಬಾಸೆಲ್ ಮಿಷನ್ (ಸ್ಥಾಪನೆ 1815) ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿಗಳ (1841) ನಂತರ 1851ರಲ್ಲಿ ಖಣದ ನೇಯ್ಗೆಗೆ ಹೆಸರಾದ ಗುಳೇದಗುಡ್ಡದಲ್ಲಿ ನೆಲೆಯೂರಿತು. ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ರೈತ ಮತ್ತು ಕುಶಲಕರ್ಮಿ ಮನೆತನಗಳವರು. ಅಲ್ಲಿನ ಪಯಟಿಸ್ಟ್ ಭಕ್ತಿಪಂಥ ಅಹಂಕಾರವನ್ನು ಮುರಿಯುವುದನ್ನೇ ಸಾಧನೆಯೆಂದು ಬಗೆದಿತ್ತು. ಊರಲ್ಲಿ ಸಾಮಾನ್ಯರಾಗಿದ್ದವರು ಇಲ್ಲಿ ಬಿಳಿಯ ಬಣ್ಣದ ಬಲದಿಂದಲೇ ಸಾಹೇಬರಾದರು.

ಈ ದೀನತೆಗೆ ಇನ್ನೊಂದು ಮುಖವಿತ್ತು. ಮಿಷನ್ನಿನ ಚರಿತ್ರೆಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಬಾಸೆಲಿನ ಆಡಳಿತ ಸಮಿತಿ ತನ್ನವರಿಂದ ಪೂರ್ಣ ವಿಧೇಯತೆಯನ್ನು ಬಯಸುತ್ತಿತ್ತು. ಮದುವೆಗೂ ಅದರ ಒಪ್ಪಿಗೆ ಬೇಕಿತ್ತು. ದೀನತೆ ಮೇಲಿನವನು ತಾನಾಗಿ ಆರಿಸಿಕೊಳ್ಳುವ ಗುಣವಾಗಿದ್ದಂತೆಯೇ ಕೆಳಗಿನವನಿಂದ ಕೇಳಿ ಪಡೆಯುವ ಶಿಸ್ತೂ ಆಗಿತ್ತು. ಮೊದಲನೆಯದಕ್ಕೆ ಪೌಲನ ಆಧಾರವಿದೆ; ಎರಡನೆಯದಕ್ಕೆ ಎಷ್ಟಿದೆ ಎಂಬುದು ಚರ್ಚಾಸ್ಪದ.

ಕಾಲವೂ ಬೋಧನೆಗೆ ಅನುಕೂಲವಾಗಿರಲಿಲ್ಲ. 1857ರಲ್ಲಿ ಸರಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದರು. ದಂಗೆಯನ್ನು ಕ್ರೂರವಾಗಿ ಹತ್ತಿಕ್ಕಲಾಯಿತು. ಸೌಮ್ಯರಿಗೇ ನೆಲ ದಕ್ಕುವುದೆಂಬ ಬೋಧನೆ ಆಳುವವರ ಬಣ್ಣದವರ ಬಾಯಲ್ಲಿ ಬಂದಾಗ ಅದಕ್ಕೆ ಬೇರೆ ಅರ್ಥ ಹತ್ತುವುದು ಸಹಜ.

ಪರೀಕ್ಷೆ ಗಟ್ಟಿಯಾದದ್ದು 1876–78ರ ಬರದಲ್ಲಿ. ಆಗ ಈ ಸೀಮೆಯನ್ನು ಒಳಗೊಂಡಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ ಸುಮಾರು 8.16 ಲಕ್ಷವಿದ್ದದ್ದು 1881ಕ್ಕೆ ಸುಮಾರು 6.38 ಲಕ್ಷಕ್ಕೆ ಇಳಿಯಿತು. ಸಾವಿನ ಜೊತೆಗೆ ಗುಳೆಯೂ ಇದಕ್ಕೆ ಕಾರಣ. ಇಂಥ ಹೊತ್ತಿನಲ್ಲಿ ಕಾಳು ಕೊಡುವ ಕೈ ಎಷ್ಟೇ ಮೃದುವಾಗಿದ್ದರೂ ಅದು ಅಧಿಕಾರದ ಕೈಯೇ. ಬರದ ಕಾಲದ ದೀಕ್ಷಾಸ್ನಾನಗಳನ್ನು ಬರಿಯ ಹಸಿವೆಯ ಲೆಕ್ಕಕ್ಕೋ ಬರಿಯ ನಂಬಿಕೆಯ ಲೆಕ್ಕಕ್ಕೋ ಬರೆದುಬಿಡುವುದು ಅವಸರದ ತೀರ್ಮಾನ.

ಮಿಶನರಿಗಳ ದೀನತೆ ಬೋಧನೆಗಿಂತ ಓದಿನಲ್ಲಿ ಹೆಚ್ಚು ಕಾಣುತ್ತದೆ ಎನ್ನಬಹುದು. ಬಾಸೆಲ್ ಮಿಶನರಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಬಸವಪುರಾಣವನ್ನು ಅಚ್ಚು ಹಾಕಿಸಿದ. ಅದೇ ಮಿಷನ್ನಿನ ವುರ್ತ್ 1860ರ ದಶಕದಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದ. ಖಂಡನೆಯ ಉದ್ದೇಶ ಇರಲಿಲ್ಲವೆಂದಲ್ಲ. ಆದರೂ ಅನ್ಯರ ಗ್ರಂಥದ ಮುಂದೆ ವರ್ಷಗಟ್ಟಲೆ ವಿದ್ಯಾರ್ಥಿಯಾಗಿ ಕೂರದೆ ಆ ಕೆಲಸ ಆಗುವಂಥದ್ದಲ್ಲ. ಇನ್ನು ಆಚರಣೆಯಲ್ಲಿ, ಸಭೆಯೊಳಗೆ ಜಾತಿಭೇದಕ್ಕೆ ಎಡೆಯಿಲ್ಲವೆಂಬ ನಿಯಮ ಕರ್ತನ ಭೋಜನದ ಪಂಕ್ತಿಯಲ್ಲಿ ಪರೀಕ್ಷೆಗೆ ಒಳಗಾಗುತ್ತಿತ್ತು. ಕಥೋಲಿಕರು ಪವಿತ್ರ ಗುರುವಾರ ಆಚರಿಸುವ ಪಾದಕ್ಷಾಳನ ಈ ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ ಸಾಮಾನ್ಯ ವಿಧಿಯಾಗಿರಲಿಲ್ಲ.

ನಂತರ

1914ರ ಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬ್ರಿಟಿಷ್ ಸರಕಾರದ ಬಂದಿಗಳಾದರು. ಈ ಸೀಮೆಯ ಬಾಸೆಲ್ ಸಭೆಗಳು ಈಗ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿವೆ, ಅದರ ಕೇಂದ್ರ ಧಾರವಾಡ.

ಹೋಲಿಕೆ

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ ಕ್ರೈಸ್ತ ಮೂಲದ್ದಲ್ಲ, ಪ್ರಭಾವವನ್ನು ಊಹಿಸಲೂ ಆಧಾರವಿಲ್ಲ. ಪೀಠಾಧಿಪತಿಯೇ ಮನೆಮನೆಗೆ ಹೋಗಿ ಜನರ ಕುಡಿತ, ತಂಬಾಕುಗಳನ್ನು ಭಿಕ್ಷೆಯಾಗಿ ಬೇಡುವ ಈ ಕ್ರಮ ಅಧಿಕಾರವನ್ನು ಆಜ್ಞೆಯಿಂದ ಬೇಡಿಕೆಗೆ ತಿರುಗಿಸುತ್ತದೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.