ಎಳ್ಳಿನ ತಟ್ಟೆಯ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಅರಸುಮನೆತನಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು, ಇವರ ಕೀರ್ತಿಯನ್ನು ಎಷ್ಟು ಹೇಳಿದರೂ ತೀರದು. ಈ ಸಲ ನಾವು ಅದಕ್ಕಿಂತ ಬಹಳ ಸಣ್ಣದೊಂದು ವಸ್ತುವಿನ ಚರಿತ್ರೆಯನ್ನು ಹೇಳಬಯಸುತ್ತೇವೆ. ಅದು ಸಂಕ್ರಾಂತಿಯ ಸಂಜೆ ನಮ್ಮ ಹೆಣ್ಣುಮಕ್ಕಳು ಕೈಯಲ್ಲಿ ಹಿಡಿದು ಮನೆಮನೆಗೆ ನಡೆಯುವ ಎಳ್ಳಿನ ತಟ್ಟೆ. ಹಬ್ಬಕ್ಕೆ ಇನ್ನೂ ಎರಡೂವರೆ ತಿಂಗಳಿರುವಾಗ ಈ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣವುಂಟು.

ವೆಸ್ಟ್ ಮಾಂಬಲಂನ ನಮ್ಮ ಮನೆಗಳಲ್ಲಿ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. "ಕೊಬ್ಬರಿ ಹೆಚ್ಚುತ್ತ, ಬೆಲ್ಲ ಕತ್ತರಿಸುತ್ತ ಕೂರಲು ಯಾರಿಗೆ ಪುರುಸೊತ್ತು? ರೈಲು ಹಳಿ ದಾಟಿದರೆ ರಂಗನಾಥನ್ ಬೀದಿ. ಏನಾದರೊಂದು ಡಬ್ಬಿ ಕೊಂಡು ಕೊಟ್ಟರಾಯಿತು" ಎಂದು. ಮಕ್ಕಳ ಅಳುಕು ಇನ್ನೂ ಬೇರೆ. ಗೆಳತಿಯರು ಹೊಳೆಯುವ ಕಾಗದ ಸುತ್ತಿದ ಉಡುಗೊರೆ ಕೊಡುವಾಗ ತಾವು ಎಳ್ಳಿನ ಪೊಟ್ಟಣ ಕೊಡುವುದೇ ಎಂದು ಅವರಿಗೆ ನಾಚಿಕೆ. ಈ ನಾಚಿಕೆಗೆ ಆಧಾರವುಂಟೇ ಎಂದು ನೋಡಬೇಕಾದರೆ ತಟ್ಟೆಯಲ್ಲಿ ಏನೇನಿದೆ, ಅದು ಎಲ್ಲಿಂದ ಬಂದಿತು ಎಂದು ವಿಚಾರಿಸಬೇಕು.

ತಟ್ಟೆಯ ಹಿರಿಯನು ಎಳ್ಳು. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳಿನ ಕಾಳುಗಳು ದೊರೆತಿವೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ನೆಲದ ಜನ ಅದನ್ನು ಬಲ್ಲರು. ಕಬ್ಬಿನ ರಸವನ್ನು ಕಾಯಿಸಿ ಬೆಲ್ಲ ಮಾಡುವ ವಿದ್ಯೆಯೂ ಬಹು ಪ್ರಾಚೀನವಾದುದು. ಕಡಲೆಕಾಯಿಯಾದರೋ ಹೊಸಬನು. ಅದರ ತವರು ದಕ್ಷಿಣ ಅಮೆರಿಕ. ಯೂರೋಪಿನವರ ಹಡಗುಗಳು ಸಮುದ್ರಮಾರ್ಗ ಕಂಡುಕೊಂಡ ತರುವಾಯವೇ ಅದು ಇತ್ತ ಬಂದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮದರಾಸು ಪ್ರಾಂತದ ದಕ್ಷಿಣ ಆರ್ಕಾಟು ಜಿಲ್ಲೆಯಲ್ಲಿ ಅದರ ಬೆಳೆ ಹಬ್ಬಿ, ಪುದುಚೇರಿ ಬಂದರಿನಿಂದ ಫ್ರಾನ್ಸಿನ ಮಾರ್ಸೇಲ್ಸಿಗೆ ಎಣ್ಣೆಗಾಗಿ ರವಾನೆಯಾಗುತ್ತಿದ್ದಿತು. ಹೊಲದಲ್ಲಿ ಸಿಕ್ಕಿತು, ಅಗ್ಗವಾಗಿದ್ದಿತು. ನಮ್ಮ ಅಜ್ಜಿಯಂದಿರು ಅದನ್ನೂ ಹುರಿದು ಸಿಪ್ಪೆ ತೆಗೆದು ಎಳ್ಳಿನ ಜೊತೆಗೆ ಸೇರಿಸಿದರು.

ಸಕ್ಕರೆಯ ಅಚ್ಚಿನ ಕಥೆಯೂ ಹೀಗೆಯೇ. ಸಕ್ಕರೆ ಎಂಬ ಹೆಸರು ಸಂಸ್ಕೃತದ ಶರ್ಕರೆಯಿಂದ ಬಂದುದಾದರೂ, 1930ರ ಸುಮಾರಿನವರೆಗೆ ನಮ್ಮ ದೇಶ ಬಿಳಿಯ ಸಕ್ಕರೆಯನ್ನು ಜಾವಾ ದ್ವೀಪದಿಂದ ಹೇರಳವಾಗಿ ತರಿಸುತ್ತಿದ್ದಿತು. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾನೂನು ಬಂದಿತು. ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಪರದೇಶದ ಸರಕು ಪಕ್ಕದೂರಿನ ಸರಕಾಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದೇ ಸಕ್ಕರೆ ಪಡಿತರದ ಅಳತೆಗೆ ಇಳಿಯಿತು. ಸಕ್ಕರೆ ಸಾಲದೆ ಹೋದರೂ ಹಬ್ಬಕ್ಕೆ ಕುಂದಿಲ್ಲ. ಏಕೆಂದರೆ ಈ ಉಡುಗೊರೆಯ ಹೆಸರಿನಲ್ಲಿ ಸಕ್ಕರೆಯೇ ಇಲ್ಲ, ಕಡಲೆಕಾಯಿಯೂ ಇಲ್ಲ. ಎಳ್ಳು, ಬೆಲ್ಲ ಎರಡೇ. ಮಿಕ್ಕವೆಲ್ಲ ಕಾಲಕಾಲಕ್ಕೆ ಬಂದು ಸೇರಿದ ನಂಟರು.

ಹೀಗೆ ಬಂದು ಸೇರಿದವರಲ್ಲಿ ನಾವೂ ಇದ್ದೇವೆ. ಬಳ್ಳಾರಿ 1953ರವರೆಗೂ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದವು. ಓದಿಗೆ, ಕೋರ್ಟಿಗೆ, ಕಚೇರಿಗೆ, ಹೋಟೆಲಿನ ಉದ್ಯೋಗಕ್ಕೆ ಆ ಕಡೆಯ ಕನ್ನಡಿಗರು ಬರುತ್ತಿದ್ದುದು ಈ ನಗರಕ್ಕೆ. 1920ರ ದಶಕದಲ್ಲಿ ದೊಡ್ಡ ಕೆರೆಯ ನೀರು ಬಸಿದು ತ್ಯಾಗರಾಯನಗರವನ್ನು ಕಟ್ಟಿದರು. 1931ರಲ್ಲಿ ಕಡಲತೀರದ ನಿಲ್ದಾಣದಿಂದ ತಾಂಬರಕ್ಕೆ ವಿದ್ಯುತ್ ರೈಲು ಓಡಿತು. ಹಳಿಯ ಪೂರ್ವಕ್ಕೆ ಅಂಗಡಿಗಳ ವೈಭವ, ಪಶ್ಚಿಮಕ್ಕೆ ನಮ್ಮ ಸಣ್ಣ ಬೀದಿಗಳು. ಬಂದವರೆಲ್ಲರ ರೂಢಿ ಒಂದೇ ಆಗಿರಲಿಲ್ಲ. ಹಳೆಯ ಮೈಸೂರಿನವರು ಎಳ್ಳು ಬೆರೆಸಿ ಬೀರುವವರು. ಉತ್ತರ ಕರ್ನಾಟಕದವರು ಸಣ್ಣ ಉರಿಯಲ್ಲಿ ಎಳ್ಳಿಗೆ ಹನಿಹನಿಯಾಗಿ ಪಾಕ ಬಿಟ್ಟು ಮುಳ್ಳೇಳುವಂತೆ ಕುಸುರೆಳ್ಳು ಮಾಡುವವರು. ಕರಾವಳಿಯವರಿಗೆ ಎಳ್ಳು ಬೀರುವ ವಾಡಿಕೆ ಅಷ್ಟಾಗಿ ಇಲ್ಲ. ಊರಿನಲ್ಲಿದ್ದರೆ ಒಬ್ಬರ ಪದ್ಧತಿ ಇನ್ನೊಬ್ಬರಿಗೆ ತಿಳಿಯುತ್ತಿತ್ತೋ ಇಲ್ಲವೋ. ಇಲ್ಲಿ ಒಂದೇ ಮೆಟ್ಟಿಲ ಮೇಲೆ ಅವು ಎದುರಾದವು.

ಸಾಮಗ್ರಿಗಾಗಿ ಬೆಂಗಳೂರಿನ ರೈಲಿಗೆ ಕಾಯಬೇಕಾದುದಿಲ್ಲ. ಬೀದಿಯ ಅಂಗಡಿಗೆ ಹೋಗಿ ಕೇಳಿದರೆ, ಎಳ್ಳು ತಮಿಳಿನಲ್ಲಿಯೂ ಎಳ್ಳೇ. ಬೆಲ್ಲ ವೆಲ್ಲವಾಗುತ್ತದೆ, ಕಬ್ಬು ಕರುಂಬು, ಎಲಚಿ ಇಲಂದೈ. ಕಡಲೆಯ ಬಳಿ ಮಾತ್ರ ಎಚ್ಚರ ಬೇಕು: ಹುರಿಗಡಲೆಗೆ ಪೊಟ್ಟುಕ್ಕಡಲೈ, ನೆಲಗಡಲೆಗೆ ವೇರ್ಕ್ಕಡಲೈ ಎನ್ನದಿದ್ದರೆ ಒಂದರ ಬದಲು ಇನ್ನೊಂದು ಚೀಲಕ್ಕೆ ಬೀಳುತ್ತದೆ. ಪೊಂಗಲ್ ಹಬ್ಬದ ಕಬ್ಬಿನ ಕಟ್ಟು, ಹಸಿ ಅರಿಸಿನದ ಗಿಡ ಬೀದಿಯಲ್ಲೇ ರಾಶಿ ಬಿದ್ದಿರುತ್ತವೆ.

ಒಂದು ತೊಡಕು ಮಾತ್ರ ಇಲ್ಲಿನದೇ. ಕಾರ್ತಿಕದ ಮಳೆ ಈ ನಗರವನ್ನು ಡಿಸೆಂಬರಿನವರೆಗೂ ಬಿಡದು. ತೇವದ ಗಾಳಿಯಲ್ಲಿ ಬೆಲ್ಲ ನೀರೊಡೆಯುತ್ತದೆ, ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಮಳೆ ಹಿಂದೆಗೆದ ಮೇಲೆ, ಹಬ್ಬಕ್ಕೆ ಹದಿನೈದು ದಿನವಿರುವಾಗ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಅದೇ ಗಾತ್ರಕ್ಕೆ ಕತ್ತರಿಸಿ, ತಾರಸಿಯ ಬಿಸಿಲಿನಲ್ಲಿ ಬೇರೆ ಬೇರೆಯಾಗಿ ಒಣಗಿಸಬೇಕು. ಅಚ್ಚಿಗೆ ಸಕ್ಕರೆಯ ಪಾಕಕ್ಕೆ ತುಸು ಹಾಲು ಹಾಕಿ, ಮೇಲೆ ಬಂದ ಕೊಳೆ ತೆಗೆದು ಸೋಸಿ, ಅಂಚು ಬೆಳ್ಳಗಾಗುವವರೆಗೆ ಕಾಯಿಸಿ, ನೀರಿನಲ್ಲಿ ನೆನೆಸಿ ದಾರ ಕಟ್ಟಿದ ಮರದ ಅಚ್ಚಿಗೆ ಹೊಯ್ಯಬೇಕು. ಅಚ್ಚಿನ ಮಣೆ ಎಲ್ಲರಲ್ಲೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಒಂದು ಮನೆಯ ಗಿಳಿ, ಇನ್ನೊಂದು ಮನೆಯ ತುಳಸಿಕಟ್ಟೆ ಸರದಿಯ ಮೇಲೆ ಓಡಾಡಿದರೆ ಸಾಕು.

ಈ ಉಡುಗೊರೆಯ ಗುಟ್ಟು ಇಲ್ಲಿದೆ. ಕೊಂಡು ತಂದ ಡಬ್ಬಿಗೆ ಬೆಲೆಯುಂಟು, ಬೆಲೆಯಿದ್ದಲ್ಲಿ ಲೆಕ್ಕವುಂಟು. ಅವರು ಎಷ್ಟರದು ಕೊಟ್ಟರು, ನಾವು ಎಷ್ಟರದು ಕೊಡಬೇಕು ಎಂಬ ತೂಕದಲ್ಲಿ ಸಣ್ಣ ಸಂಬಳದ ಮನೆ ಸೋಲುತ್ತದೆ, ಸೋತ ಮನೆ ಮೆಲ್ಲನೆ ಹೋಗಿಬರುವುದನ್ನೇ ನಿಲ್ಲಿಸುತ್ತದೆ. ಎಳ್ಳಿನಲ್ಲಿ ಆ ಭಯವಿಲ್ಲ. ಕೊಟ್ಟುದೂ ಎಳ್ಳು, ಬಂದುದೂ ಎಳ್ಳು. ಅಧಿಕಾರಿಯ ಮನೆಯದೂ ಗುಮಾಸ್ತೆಯ ಮನೆಯದೂ ಒಂದೇ ಹಿಡಿ. ಎದುರು ಮನೆಯ ತಮಿಳು ಮಾಮಿಯೂ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದೆ ಸಕ್ಕರೈ ಪೊಂಗಲನ್ನು ತುಂಬಿ ಕಳುಹಿಸುತ್ತಾರೆ.

ಆದುದರಿಂದ ಇಲ್ಲಿನ ಕಡಲೆಕಾಯಿ, ಇಲ್ಲಿನ ಕಬ್ಬು, ಇಲ್ಲಿನ ಬೆಲ್ಲದಿಂದ ತಟ್ಟೆ ತುಂಬಿದರೆ ಸಂಪ್ರದಾಯ ಕೆಟ್ಟಿತೆಂದು ಯಾರೂ ಅಳುಕಬೇಕಾದುದಿಲ್ಲ. ಹತ್ತಿರ ದೊರೆತುದನ್ನು ಕೈಯಾರೆ ಹಸನುಮಾಡಿ ಹಂಚುವುದೇ ಈ ಸಂಪ್ರದಾಯ. ಕೆಡುವುದು ಯಾವಾಗ ಎಂದರೆ, ತಟ್ಟೆ ಹಿಡಿದು ನಡೆಯುವವರು ಇಲ್ಲವಾದಾಗ. ಶಾಲೆಯಲ್ಲಿ ತಮಿಳು, ಇಂಗ್ಲಿಷು ಕಲಿತು ಬರುವ ನಮ್ಮ ಮಗು ವರ್ಷದಲ್ಲಿ ಒಂದು ಸಂಜೆಯಾದರೂ ಹತ್ತು ಬಾಗಿಲುಗಳ ಮುಂದೆ ನಿಂತು, "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ" ಎಂದು ಕನ್ನಡದಲ್ಲಿ ಹೇಳುತ್ತದೆ. ಹತ್ತೂ ಕಡೆ ಕನ್ನಡದಲ್ಲಿಯೇ ಉತ್ತರ ಬರುತ್ತದೆ.

ಮಳೆ ನಿಂತ ಮೊದಲ ಭಾನುವಾರ ನಾಲ್ಕಾರು ಮನೆಯವರು ಒಂದು ತಾರಸಿಯಲ್ಲಿ ಕೂಡೋಣ. ಒಬ್ಬರು ಕೊಬ್ಬರಿ ತರಲಿ, ಒಬ್ಬರು ಬೆಲ್ಲ ತರಲಿ, ಅಚ್ಚುಳ್ಳವರು ಅಚ್ಚು ತರಲಿ. ಹೆಚ್ಚಲು ಕೂತ ಮಕ್ಕಳು ಅರ್ಧ ತಿಂದೇ ಮುಗಿಸಿದರೆ ಯಾರೂ ಗದರದಿರೋಣ.