ಕಾಲ್ಕರ್‌ನ ಗೋಪುರ

ಜರ್ಮನಿಯ ಕಾಲ್ಕರ್‌ನಲ್ಲಿ, ರೈನ್ ನದಿಯ ದಂಡೆಗೆ ಒಂದು ಮನರಂಜನಾ ಪಾರ್ಕ್ ಇದೆ. ಅಣುಸ್ಥಾವರ ವಿರೋಧಿ ಚಳವಳಿಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನಾನು ಅದನ್ನು ನೋಡಲೇಬೇಕಿತ್ತು. ಅಲ್ಲಿನ ಶೀತಕ ಗೋಪುರದೊಳಗೆ ತೊಟ್ಟಿಲು ಗಿರಗಿರನೆ ಸುತ್ತುತ್ತ ಮೇಲೇರಿ, ಗೋಪುರದ ಬಾಯಿಯಾಚೆ ಇಣುಕುತ್ತದೆ. ಹೊರಗೋಡೆಯನ್ನು ಜನ ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ಒಂದು ದಿನವೂ ವಿಕಿರಣ ಕಾಣದ ಸ್ಥಾವರ, ಹಾಗಾಗಿ ಮಕ್ಕಳು ನಿಶ್ಚಿಂತೆಯಿಂದ ಮುಟ್ಟಬಹುದು.

1973ರಲ್ಲಿ ಇಲ್ಲಿ ಫಾಸ್ಟ್ ಬ್ರೀಡರ್ ರಿಯಾಕ್ಟರ್ ಕಟ್ಟತೊಡಗಿದರು. 1977ರಲ್ಲಿ ಹತ್ತಾರು ಸಾವಿರ ಜನ ಬೀದಿಗಿಳಿದರು. 1985ಕ್ಕೆ ಕಟ್ಟಡ ಮುಗಿಯಿತು, ಮರುವರ್ಷವೇ ಚೆರ್ನೋಬಿಲ್. ಸುಮಾರು 700 ಕೋಟಿ ಮಾರ್ಕ್ ನುಂಗಿದ ಯೋಜನೆ 1991ರಲ್ಲಿ ರದ್ದಾಯಿತು. ಆಮೇಲೆ ಡಚ್ ಉದ್ಯಮಿಯೊಬ್ಬ ಕೊಂಡುಕೊಂಡ.

ಇದನ್ನು ಚಳವಳಿಯ ಗೆಲುವು ಎನ್ನುವವರಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಬೀದಿಯ ಕೂಗಿನ ಜೊತೆಗೆ ಕೋರ್ಟು, ಏರಿದ ವೆಚ್ಚ, ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ ಪರವಾನಗಿ ಕೊಡದೆ ಕೂತ ರಾಜ್ಯ ಸರ್ಕಾರವಿತ್ತು. ನಮ್ಮಲ್ಲಿ ಅಣುಶಕ್ತಿ ಕೇಂದ್ರ ಪಟ್ಟಿಯ ವಿಷಯ, ಹಾಗೆ ತಡೆಹಿಡಿಯುವ ಅಧಿಕಾರ ರಾಜ್ಯಗಳಿಗಿಲ್ಲ. ಕೈಗಾ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ನಿಂತ ಶಿವರಾಮ ಕಾರಂತರು ಸೋತರು. ಕಾಳಿ ದಂಡೆಯ ಆ ಸ್ಥಾವರ 2000ದಿಂದ ವಿದ್ಯುತ್ ಮಾರುತ್ತಿದೆ.