ಖಲೀಫ, ಸದ್ದಾಂ ಮತ್ತು ನಮ್ಮ ದಂಡು

ಖಿಲಾಫತ್ ಚಳವಳಿಯ ಪಾಠ ಬಂದಾಗಲೆಲ್ಲ ಮಕ್ಕಳದು ಒಂದೇ ಪ್ರಶ್ನೆ: "ತುರ್ಕಿಯ ಸುಲ್ತಾನನಿಗಾಗಿ ಇಲ್ಲಿಯವರು ಯಾಕೆ ಜೈಲಿಗೆ ಹೋದರು, ಮಿಸ್?" ಪಠ್ಯಪುಸ್ತಕದಲ್ಲಿ ಎರಡು ಸಾಲಿನ ಉತ್ತರವಿದೆ. ಅದು ಸಾಲದು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮಹಾರಾಜರ ಈ ಕುದುರೆ ದಳ ಜೋಧಪುರದವರೊಡನೆ ಸೇರಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ದಳದಲ್ಲಿ ಮುಸಲ್ಮಾನ ಸವಾರರೂ ಇದ್ದರು. ತುರ್ಕಿಯ ಸುಲ್ತಾನನೇ ಆಗ ಖಲೀಫ. ಅಂದರೆ ಖಲೀಫನ ಸೈನ್ಯದ ಮೇಲೇ ಇವರು ಏರಿಹೋದದ್ದು! ಎರಡೇ ವರ್ಷ ಕಳೆದು, 1920ರ ಆಗಸ್ಟ್‌ನಲ್ಲಿ, ಗಾಂಧೀಜಿ ಮೌಲಾನಾ ಶೌಕತ್ ಅಲಿಯವರನ್ನು ಜೊತೆಗೆ ಕರೆದುಕೊಂಡು ಬೆಂಗಳೂರಿಗೆ ಬಂದರು. ಅದೇ ಖಲೀಫನ ಪರವಾಗಿ ಅಸಹಕಾರಕ್ಕೆ ಕರೆ ಕೊಟ್ಟರು. ನಮ್ಮ ದಂಡು ಆಗ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಖಲೀಫ ದೂರದವನಾದರೂ ಅವನನ್ನು ಸೋಲಿಸಿದವರು ಇಲ್ಲೇ ಕಣ್ಣೆದುರಿಗಿದ್ದರು. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಸೇರಿದ್ದು ಅದರಿಂದಲೇ.

ಶೌಕತ್ ಅಲಿಯವರ ತಾಯಿ ಬೀ ಅಮ್ಮನ ಮೇಲೆ ನನಗೆ ವಿಶೇಷ ಅಭಿಮಾನ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಡವೆ ಒತ್ತೆಯಿಟ್ಟು ಮಕ್ಕಳನ್ನು ಇಂಗ್ಲಿಷ್ ಓದಿಸಿದಾಕೆ. ಬುರ್ಖಾದೊಳಗಿನಿಂದಲೇ ಭಾಷಣ ಮಾಡಿ ಊರೂರಲ್ಲಿ ಚಂದಾ ಎತ್ತಿದರು. ಖಿಲಾಫತ್ ನಿಧಿಗೆ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಕೊನೆಗೆ ಆದದ್ದೇನು? 1924ರ ಮಾರ್ಚ್ 3ರಂದು ಮುಸ್ತಫಾ ಕೆಮಾಲರ ತುರ್ಕಿಯೇ ಖಲೀಫನ ಪೀಠವನ್ನು ರದ್ದು ಮಾಡಿತು. ಬೀ ಅಮ್ಮ ಅದನ್ನೂ ನೋಡಿ, ಆ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡರು.

ಸದ್ದಾಂ ಹುಸೇನನ ಸಂಗತಿ ಬೇರೆ. ಅವನ ಬಾತ್ ಪಕ್ಷದ್ದು ಅರಬ್ ರಾಷ್ಟ್ರೀಯತೆ, ಧರ್ಮವಲ್ಲ. ಎಂಟು ವರ್ಷ ಇರಾನಿನ ಮುಸಲ್ಮಾನರೊಡನೆ ಯುದ್ಧ ಮಾಡಿದ. 1988ರಲ್ಲಿ ಹಲಬ್ಜದ ಕುರ್ದ್ ತಾಯಂದಿರು, ಮಕ್ಕಳ ಮೇಲೆ ವಿಷಾನಿಲ ಬಿಡಿಸಿದ, ಅವರೂ ಮುಸಲ್ಮಾನರೇ. ಆದರೆ ಅಮೆರಿಕದ ಸೈನ್ಯ ಇರಾಕಿನಲ್ಲಿದ್ದಾಗಲೇ, 2006ರ ಡಿಸೆಂಬರ್ 30ರಂದು, ಬಕ್ರೀದ್ ಹಬ್ಬದ ದಿನ ಅವನನ್ನು ನೇಣಿಗೆ ಹಾಕಿದರು. ಅಷ್ಟಕ್ಕೇ ಅವನು ಧರ್ಮಕ್ಕಾಗಿ ಸತ್ತವನಾಗಿಬಿಟ್ಟ! ಅವನ ಚರಿತ್ರೆ ಯಾರಿಗೂ ಬೇಕಾಗಿರಲಿಲ್ಲ, ರಾಜಕಾರಣಿಗಳಿಗಂತೂ ಮೊದಲೇ ಬೇಡ.

2007ರ ಜನವರಿ 19, ಶುಕ್ರವಾರ, ನೇಣನ್ನು ಖಂಡಿಸಿ ಬೆಂಗಳೂರಿನಲ್ಲಿ ಸಭೆ ನಡೆಯಿತು. ಜೊತೆಗೇ ಕಲ್ಲು ತೂರಾಟ. ಭಾನುವಾರ ಹಿಂದೂ ಸಮಾಜೋತ್ಸವ, ಮತ್ತೆ ಗಲಭೆ. 1920ರಂತೆ ಒಂದೇ ಸಭೆಯಲ್ಲ, ಈ ಸಲ ಎರಡು. ಶಿವಾಜಿನಗರ, ಹಲಸೂರಿನ ಕಡೆ ಅಂಗಡಿಗಳ ಬಾಗಿಲು ಬಿತ್ತು, ಕರ್ಫ್ಯೂ ಬಂತು. ಸದ್ದಾಂ ಒಮ್ಮೆಯೂ ಕಾಲಿಡದ ನಮ್ಮ ಬೀದಿಗಳಲ್ಲಿ ಒಬ್ಬ ಹುಡುಗ ಸತ್ತ.